ಟೆಂಡರ್ ನೋಟಿಸ್ ಎಲ್ಲೆಲ್ಲಿ ಹಾಕ್ಬೇಕು? ಕೊಡಗಿನ ಕಚೇರಿಗಳಲ್ಲಿ ಹೊಸದಾಗಿ ಟೆಂಡರ್ ಟೇಬಲ್ ಸಿಕ್ಕಿದವರಿಗೆ

ಪಂಚಾಯ್ತಿಗೋ ಪುರಸಭೆಗೋ ಯಾವ್ದೋ ಇಲಾಖೆಯ ಸಬ್ ಡಿವಿಷನ್‌ಗೋ ಹೊಸದಾಗಿ ಬಂದು ಟೆಂಡರ್ ಫೈಲ್ ಕೈಗೆ ಸಿಕ್ಕಿದವರು ನಂಗೆ ಫೋನ್ ಮಾಡಿ ಕೇಳೋ ಮೊದಲ್ನೇ ಪ್ರಶ್ನೆ ಯಾವಾಗ್ಲೂ ಒಂದೇ, "ಸಾರ್, ಪೋರ್ಟಲ್‌ಗೆ ಹಾಕಿದ್ರೆ ಸಾಕಾ, ಪೇಪರ್‌ಗೂ ಕೊಡ್ಬೇಕಾ?" ಪೋರ್ಟಲ್ ಅಂದ್ರೆ ಸರ್ಕಾರದ ಆನ್‌ಲೈನ್ ಟೆಂಡರ್ ತಾಣ. ಇದಕ್ಕೆ ಹೌದು ಇಲ್ಲ ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ಲ. ಹಾಗಾಗಿ ಇಷ್ಟು ವರ್ಷ ಕೇಸ್ ವರ್ಕರ್ ಆಗಿ ಕೆಲಸ ಮಾಡಿ ತಿಳ್ಕೊಂಡಿದ್ದನ್ನ ಒಂದು ಸಲ ಕೂತು ಬರೆದುಬಿಡ್ತೀನಿ.

ಮೊದ್ಲು ಒಂದು ಘಟನೆ ಹೇಳ್ತೀನಿ. ಹಿಂದೆ ನಾನಿದ್ದ ಒಂದು ಕಚೇರೀಲಿ ರಸ್ತೆ ಪಕ್ಕದ ಬರೆ, ಅಂದ್ರೆ ಮಣ್ಣಿನ ದಿಬ್ಬ, ಕುಸಿದಿತ್ತು, ಅದಕ್ಕೆ ತಡೆಗೋಡೆ ಕಟ್ಟೋಕೆ ದುಡ್ಡು ಬಂತು, ಜನವರೀಲೇ ಟೆಂಡರ್ ಕರೆದ್ವಿ. ಪೋರ್ಟಲ್‌ನಲ್ಲಿ ಕಾಮಗಾರಿ ಹೆಸರು ಅಂತ ಬರೀ ಸರಪಳಿ ನಂಬರ್, ಅಂದ್ರೆ ರಸ್ತೆಯ ಅಳತೆ ಗುರುತು, ಹಾಕಿ "ಪ್ರೊಟೆಕ್ಷನ್ ವರ್ಕ್" ಅಂತ ಬರೆದಿದ್ರು, ಊರಿನ ಹೆಸರೇ ಇಲ್ಲ. ಪೇಪರ್ ಜಾಹೀರಾತು ಬಂದಿತ್ತು ನಿಜ, ಆದ್ರೆ ಅದು ಬಂದಿದ್ದು ನಮ್ಮ ಜಿಲ್ಲೆಗೆ ಬರದೇ ಇರೋ ಎಡಿಷನ್‌ನಲ್ಲಿ. ಒಂದೇ ಒಂದು ಬಿಡ್ ಬಂತು, ಮೇಲಿಂದ ಮರು ಟೆಂಡರ್ ಕರೀರಿ ಅಂದ್ರು, ಕರೆದ್ವಿ, ಮತ್ತೆ ಅದೇ ಹೆಸರಲ್ಲಿ ಅದೇ ಥರ. ಕಾರ್ಯಾದೇಶ ಕೊಡೋ ಹೊತ್ತಿಗೆ ಮೇ ಕೊನೆ ವಾರ. ಪಾಯ ತೆಗೆದು ಇಟ್ಟಿದ್ದಷ್ಟೇ, ಜೂನ್ ಮಳೆ ಹಿಡ್ಕೊಳ್ತು, ಗುಂಡಿ ತುಂಬಾ ನೀರು, ಮೇಲಿನ ಬರೆ ಮತ್ತೆ ಜಾರಿ ಕೆಳಗೆ ಬಂತು, ಪಕ್ಕದ ಮನೆಯವರು ಒಂದು ತಿಂಗ್ಳು ನೆಂಟರ ಮನೇಲಿ ಇರಬೇಕಾಯ್ತು. ಆಮೇಲೆ ಕುಶಾಲನಗರದ ಮೂರು ಜನ ಗುತ್ತಿಗೆದಾರರು ಸಿಕ್ಕಾಗ ಯಾಕ್ರೀ ಯಾರೂ ಹಾಕ್ಲಿಲ್ಲ ಅಂತ ಕೇಳಿದ್ರೆ ಮೂವರೂ ಹೇಳಿದ್ದು ಒಂದೇ, "ನೋಟಿಸ್ ಬಂದಿದ್ದೇ ಗೊತ್ತಿಲ್ಲ." ಕಾನೂನು ಪ್ರಕಾರ ಆ ಫೈಲ್‌ನಲ್ಲಿ ಒಂದು ತಪ್ಪೂ ಇರಲಿಲ್ಲ. ಅವತ್ತಿಂದ ನಾನು ಪ್ರತೀ ನೋಟಿಸ್‌ಗೂ ಮೊದಲು ಕೇಳ್ಕೊಳ್ಳೋದು ಇಷ್ಟೇ: ಈ ಕೆಲಸ ಮಾಡೋಕೆ ಆಗೋರು ಯಾರು, ಅವರು ಎಲ್ಲಿದ್ದಾರೆ, ಬೆಳಗ್ಗೆ ಎದ್ದು ಅವರು ಏನು ನೋಡ್ತಾರೆ?

ಈಗ ಕಡ್ಡಾಯ ಯಾವ್ದು ಅಂತ ಮುಗಿಸಿಬಿಡೋಣ. ರಾಜ್ಯ ಸರ್ಕಾರದ ಇಲಾಖೆ, ನಿಗಮ, ನಗರಸಭೆ, ಪಂಚಾಯ್ತಿ ಯಾವ್ದೇ ಆಗ್ಲಿ ನಮಗೆ ಅನ್ವಯ ಆಗೋದು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, ಎಲ್ಲರ ಬಾಯಲ್ಲಿ ಕೆಟಿಪಿಪಿ, ಅದರ ನಿಯಮಗಳು 2000ದ್ದು. ಕಾಯ್ದೆ ಬಂದಾಗ ಇಂಟರ್ನೆಟ್ ಇಷ್ಟು ಇರಲಿಲ್ಲ, ಅದಕ್ಕೇ ಅದರಲ್ಲಿ ನೋಟಿಸ್ ಪ್ರಕಟ ಮಾಡೋಕೆ ಟೆಂಡರ್ ಬುಲೆಟಿನ್ ಅಂತ ಒಂದು ವ್ಯವಸ್ಥೆ ಇಟ್ಟಿದ್ದಾರೆ, ರಾಜ್ಯಕ್ಕೊಂದು, ಜಿಲ್ಲೆಗೊಂದು, ಅದಕ್ಕೆ ಬುಲೆಟಿನ್ ಅಧಿಕಾರಿ ಅಂತಾನೂ ಇದ್ದಾರೆ. 2007ರಿಂದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್ ಬಂತು, ಈಗ ಅದರ ಜಾಗದಲ್ಲಿ ಕೆಪಿಪಿಪಿ ಇದೆ, ಕರ್ನಾಟಕ ಪಬ್ಲಿಕ್ ಪ್ರೊಕ್ಯೂರ್‌ಮೆಂಟ್ ಪೋರ್ಟಲ್. ಟೆಂಡರ್ ಅಂತ ಕರೆದ್ಮೇಲೆ ಅದು ಇಲ್ಲಿ ಬರ್ಲೇಬೇಕು, ಅದರಲ್ಲಿ ಆಯ್ಕೆ ಇಲ್ಲ. ಲಾಗಿನ್ ಇಲ್ಲದೇ ಯಾರ್ ಬೇಕಾದ್ರೂ ಹುಡುಕಿ ನೋಡ್ಬಹುದು, ಇದು ಒಳ್ಳೇದು, ಊರಿನ ಜನರಿಗೂ ಹೇಳಿಕೊಡಿ.

ಬುಲೆಟಿನ್ ಬಗ್ಗೆ ಒಂದು ಮಾತು ನೆನಪಿಡಿ ಯಾಕಂದ್ರೆ ಇಲ್ಲೇ ಜಾಸ್ತಿ ಜನ ಎಡವೋದು. ನಿಯಮ 17ರಲ್ಲಿ ದಿನ ಲೆಕ್ಕ ಹಾಕೋದು ಬುಲೆಟಿನ್‌ನಲ್ಲಿ ಪ್ರಕಟ ಆದ ದಿನದಿಂದ, ನೀವು ನೋಟಿಸ್‌ಗೆ ಸಹಿ ಹಾಕಿಸಿದ ದಿನದಿಂದ ಅಲ್ಲ, ಪೇಪರ್‌ನಲ್ಲಿ ಬಂದ ದಿನದಿಂದಾನೂ ಅಲ್ಲ. 2000ದಲ್ಲಿ ನಿಯಮ ಬಂದಾಗ ಅದರಲ್ಲಿ ಬರೆದಿದ್ದು 2 ಕೋಟಿವರೆಗೆ 30 ದಿನ, ಅದಕ್ಕಿಂತ ಮೇಲಿದ್ರೆ 60 ದಿನ. ಕಡಿಮೆ ಮಾಡ್ಬೇಕು ಅಂದ್ರೆ, ಅಂದ್ರೆ ಅಲ್ಪಾವಧಿ ಟೆಂಡರ್ ಕರೀಬೇಕು ಅಂದ್ರೆ, ಟೆಂಡರ್ ಕರೆಯೋ ಅಧಿಕಾರಿಗಿಂತ ಮೇಲಿನವರು ಕಾರಣ ಬರೆದು ಅನುಮತಿ ಕೊಡ್ಬೇಕು. ತಿದ್ದುಪಡಿ ಸುತ್ತೋಲೆಗಳು ಬರ್ತಾನೇ ಇರ್ತವೆ, ಹಳೇ ಫೈಲ್‌ನಿಂದ ದಿನಗಳನ್ನ ಕಾಪಿ ಮಾಡ್ಬೇಡಿ, ನೋಟಿಸ್ ಹೊರಡೋ ದಿನ ಜಾರಿಯಲ್ಲಿರೋ ಸುತ್ತೋಲೆ ತೆಗೆದು ಫೈಲ್‌ಗೆ ಹಾಕಿ. ಸಣ್ಣ ಮೊತ್ತದ ಖರೀದಿಗೆ 4ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇರೋದಕ್ಕೂ ಇದೇ ಮಾತು. ಆ ಮಿತಿಯೊಳಗೆ ತರ್ಬೇಕು ಅಂತ ಒಂದು ಕೆಲಸವನ್ನ ನಾಲ್ಕು ತುಂಡು ಗುತ್ತಿಗೆ ಮಾಡೋದು ಮಾತ್ರ ಬೇಡ, ಎಸ್ಟಿಮೇಟ್ ಪಕ್ಕಪಕ್ಕ ಇಟ್ರೆ ಆಡಿಟ್‌ನವರಿಗೆ ಎರಡು ನಿಮಿಷದಲ್ಲಿ ಗೊತ್ತಾಗತ್ತೆ, ಆಮೇಲೆ ಉತ್ತರ ಕೊಡೋಕೆ ಇರೋದು ನೀವೊಬ್ರೇ.

ಕೇಂದ್ರ ಸರ್ಕಾರದ ಸಂಸ್ಥೆಯಾದ್ರೆ ದಾರಿ ಬೇರೆ. ನಮ್ಮಲ್ಲೂ ಅಂಥವು ಇವೆಯಲ್ಲ, ಚೆಟ್ಟಳ್ಳೀಲಿ ಕಾಫಿ ಸಂಶೋಧನಾ ಉಪಕೇಂದ್ರ, ಅಪ್ಪಂಗಳದಲ್ಲಿ ಸಾಂಬಾರ ಬೆಳೆ ಸಂಶೋಧನೆಯ ಪ್ರಾದೇಶಿಕ ಕೇಂದ್ರ, ಗಾಳಿಬೀಡಲ್ಲಿ ನವೋದಯ. ಅಂಥ ಕಡೆ ಕೆಲಸ ಮಾಡೋರು ನೋಡ್ಬೇಕಾದ್ದು 2017ರ ಜಿಎಫ್ಆರ್, ಅಂದ್ರೆ ಕೇಂದ್ರದ ಸಾಮಾನ್ಯ ಹಣಕಾಸು ನಿಯಮ. ಅದರಲ್ಲಿ ಜೆಮ್‌ನಲ್ಲಿ, ಅಂದ್ರೆ ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೇಲಿ, ಸಿಗೋ ವಸ್ತು ಅಥವಾ ಸೇವೆಯಾದ್ರೆ ಜೆಮ್‌ನಲ್ಲೇ ತಗೋಬೇಕು, 149ನೇ ನಿಯಮ. ಜಾಹೀರಾತು ಟೆಂಡರ್ ಆದ್ರೆ 161ನೇ ನಿಯಮದ ಪ್ರಕಾರ ಕೇಂದ್ರದ ಟೆಂಡರ್ ತಾಣವಾದ ಸಿಪಿಪಿ ಪೋರ್ಟಲ್‌ನಲ್ಲೂ ಜೆಮ್‌ನಲ್ಲೂ ಹಾಕ್ಬೇಕು, ಸಂಸ್ಥೆಗೆ ಸ್ವಂತ ವೆಬ್‌ಸೈಟ್ ಇದ್ರೆ ಅಲ್ಲೂ ಹಾಕ್ಬೇಕು, ಸಾಮಾನ್ಯವಾಗಿ ಕನಿಷ್ಠ 3 ವಾರ ಟೈಮ್ ಕೊಡ್ಬೇಕು. 2005ರ ನಿಯಮದಲ್ಲಿ ಕೋಲ್ಕತಾದಿಂದ ಬರ್ತಿದ್ದ ಇಂಡಿಯನ್ ಟ್ರೇಡ್ ಜರ್ನಲ್‌ನಲ್ಲೂ ಒಂದು ರಾಷ್ಟ್ರೀಯ ದಿನಪತ್ರಿಕೆಯಲ್ಲೂ ಹಾಕ್ಬೇಕಿತ್ತು, ಹಳೇ ಟೆಂಪ್ಲೇಟ್‌ನಲ್ಲಿ ಆ ಸಾಲು ಇನ್ನೂ ಉಳ್ಕೊಂಡಿದ್ರೆ ತೆಗೀರಿ.

ಇನ್ನು ಪೇಪರ್. ನನ್ನ ಅಭಿಪ್ರಾಯ ಕೇಳಿದ್ರೆ ಕೊಡಗಿನಲ್ಲಿ ಪೇಪರ್ ಜಾಹೀರಾತು ಇನ್ನೂ ಕೆಲಸ ಮಾಡತ್ತೆ, ಬೆಂಗ್ಳೂರಲ್ಲಿ ಕೂತವರಿಗೆ ಇದು ಹಳೇ ಕಾಲದ್ದು ಅನ್ನಿಸ್ಬಹುದು. ಇಲ್ಲಿ ತೋಟದ ಮನೆಗಳಲ್ಲಿ, ಬಸ್ ಸ್ಟ್ಯಾಂಡ್ ಹೋಟ್ಲಲ್ಲಿ, ಬೆಳಗ್ಗೆ ಮಡಿಕೇರಿಯ 'ಶಕ್ತಿ' ಕೈಯಿಂದ ಕೈಗೆ ಹೋಗೋದನ್ನ ಯಾರು ಬೇಕಾದ್ರೂ ನೋಡ್ಬಹುದು. ಸಣ್ಣ ಕೆಲಸದ ನೋಟಿಸ್‌ಗೆ, ಅಂದ್ರೆ ಪಿಕಪ್ ಬಾಡಿಗೆ, ಕಸ ಸಾಗಣೆ, ಶಾಲೆ ರಿಪೇರಿ, ಹಾಸ್ಟೆಲ್‌ಗೆ ತರಕಾರಿ ಹಾಲು ಸರಬರಾಜು ಇಂಥದ್ದಕ್ಕೆ ಸ್ಥಳೀಯ ಪತ್ರಿಕೆಯಷ್ಟು ಒಳ್ಳೇದು ಇನ್ನೊಂದಿಲ್ಲ, ಯಾಕಂದ್ರೆ ಆ ಕೆಲಸ ಮಾಡೋರು ಇದೇ ಐದು ತಾಲೂಕಲ್ಲಿ ಇದ್ದಾರೆ. ರಸ್ತೆ, ಚರಂಡಿ, ಸೇತುವೆ ಥರದ್ದು ಬಂದಾಗ ಪಕ್ಕದ ಜಿಲ್ಲೆಯವರೂ ಬೇಕು, ಪಿರಿಯಾಪಟ್ಟಣ, ಹುಣಸೂರು, ಅರಕಲಗೂಡು, ಸುಳ್ಯ, ಅವರೆಲ್ಲ ಬಂದು ಇಲ್ಲಿ ಕೆಲಸ ಮಾಡೋರೇ. ಅದಕ್ಕೆ ರಾಜ್ಯ ಮಟ್ಟದ ಪತ್ರಿಕೆ ಬೇಕು, ಆದ್ರೆ ಬರೀ ಪತ್ರಿಕೆ ಹೆಸರು ಬರೆದು ಕಳಿಸ್ಬೇಡಿ, ಎಡಿಷನ್ ಬರೀರಿ. ಯಾವ ಎಡಿಷನ್ ಯಾವ ಊರಿಗೆ ಇಳಿಯತ್ತೆ ಅಂತ ಬಸ್ ಸ್ಟ್ಯಾಂಡ್‌ನ ಪೇಪರ್ ಏಜೆಂಟ್‌ಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರಲ್ಲ, ಒಂದು ದಿನ ಬೆಳಗ್ಗೆ ಬೇಗ ಹೋಗಿ ಕೇಳ್ಕೊಂಡು ಬನ್ನಿ. ನಾನು ಹಾಗೇ ಮಾಡಿ ಒಂದು ಪಟ್ಟಿ ಬರೆದಿಟ್ಕೊಂಡಿದ್ದೆ.

ಇಲ್ಲಿ ಯಾರೂ ಮಾಡದೇ ಇರೋ ಕೆಲಸ ಬಂದಾಗ ಲೆಕ್ಕ ಪೂರ್ತಿ ತಿರುಗತ್ತೆ. ಲಿಫ್ಟ್ ನಿರ್ವಹಣೆ, ಆಸ್ಪತ್ರೆಗೆ ಎಕ್ಸ್‌ರೇ ಮೆಷಿನ್, ಲ್ಯಾಬ್ ಉಪಕರಣ, ಗುಡ್ಡದ ಇಳಿಜಾರಿನ ಮಣ್ಣು ಪರೀಕ್ಷೆ, 2018ರ ಆಗಸ್ಟ್‌ನ ಭೂಕುಸಿತ ಆದ್ಮೇಲೆ ಈ ಕೊನೇದು ನಮ್ಮ ಜಿಲ್ಲೆಗೆ ಎಷ್ಟು ಮುಖ್ಯ ಅಂತ ಎಲ್ಲರಿಗೂ ಗೊತ್ತು. ಇದನ್ನ ಮಾಡೋರು ಬೆಂಗ್ಳೂರು, ಮಂಗ್ಳೂರು, ಮೈಸೂರಲ್ಲಿ. ಅವರು ನಮ್ಮ ಸ್ಥಳೀಯ ಪೇಪರ್ ನೋಡಲ್ಲ. ಇಂಥದ್ದಕ್ಕೆ ಬೆಂಗ್ಳೂರು ಎಡಿಷನ್, ಜೊತೆಗೆ ಒಂದು ಇಂಗ್ಲಿಷ್ ಪತ್ರಿಕೆ, ಮೊತ್ತ ದೊಡ್ಡದಿದ್ರೆ ಅದಕ್ಕೆ ಖರ್ಚು ಮಾಡಿ, ತಪ್ಪೇನಿಲ್ಲ. ಅದೇ ದುಡ್ಡನ್ನ ಎರಡು ಲಕ್ಷದ ಪೈಂಟಿಂಗ್ ಕೆಲಸಕ್ಕೆ ಹಾಕಿದ್ರೆ ಮಾತ್ರ ಅದು ಪಂಚಾಯ್ತಿ ದುಡ್ಡು ಹಾಳು ಮಾಡಿದ ಹಾಗೆ.

ಖರ್ಚು ಕಡಿಮೆ ಮಾಡೋದು ಹೇಗೆ ಅಂತಾನೂ ಕೇಳ್ತಾರೆ. ಪತ್ರಿಕೆಯವರು ದರ ಹಾಕೋದು ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ, ಸರ್ಕಾರಿ ಜಾಹೀರಾತಿಗೆ ವಾರ್ತಾ ಇಲಾಖೆಯ ದರ ಮತ್ತು ಪತ್ರಿಕೆಗಳ ಪಟ್ಟಿ ಇರತ್ತೆ, ಅದರಾಚೆ ಹೋಗ್ಬೇಡಿ. ಜಾಹೀರಾತಲ್ಲಿ ಷರತ್ತುಗಳನ್ನೆಲ್ಲ ತುಂಬೋ ಅಗತ್ಯ ಇಲ್ಲ. ಕಚೇರಿ ಹೆಸರು, ಕಾಮಗಾರಿ ಮತ್ತೆ ಊರು, ಅಂದಾಜು ಮೊತ್ತ, ಇಎಂಡಿ (ಬಿಡ್ ಜೊತೆ ಕಟ್ಟೋ ಠೇವಣಿ), ಕೊನೇ ದಿನ ಮತ್ತು ಗಂಟೆ, ಪೋರ್ಟಲ್‌ನ ಟೆಂಡರ್ ಸಂಖ್ಯೆ, ಇಷ್ಟಿದ್ರೆ ಸಾಕು, ಉಳಿದಿದ್ದು ಪೋರ್ಟಲ್‌ನಲ್ಲಿ ಸಿಗತ್ತೆ. ಐದಾರು ಕೆಲಸ ಒಟ್ಟಿಗೆ ಇದ್ರೆ ಒಂದೇ ನೋಟಿಸ್‌ನಲ್ಲಿ ಕ್ರಮಸಂಖ್ಯೆ ಹಾಕಿ ಕೊಡಿ. ಟೆಂಡರ್ ಮಾತ್ರ ಪ್ರತಿಯೊಂದಕ್ಕೂ ಬೇರೆ ಬೇರೆ ಇರ್ಲಿ, ಎಲ್ಲಾ ಸೇರಿಸಿ ಒಂದೇ ದೊಡ್ಡ ಪ್ಯಾಕೇಜ್ ಮಾಡಿದ್ರೆ ಊರಿನ ಸಣ್ಣ ಗುತ್ತಿಗೆದಾರ ಅರ್ಹತೆನೇ ಕಳ್ಕೊಳ್ತಾನೆ.

ಈಗ ಹೆಸರಿನ ವಿಷಯ, ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ ಯಾಕಂದ್ರೆ ಪೋರ್ಟಲ್ ಅನ್ನೋದು ದೊಡ್ಡ ಉಗ್ರಾಣ ಇದ್ದ ಹಾಗೆ, ಒಳಗೆ ಹಾಕಿದ್ದು ಕೈಗೆ ಸಿಗೋ ಥರ ಇಟ್ಟಿದ್ದೀವಾ ಅನ್ನೋದೇ ಮುಖ್ಯ. ಗುತ್ತಿಗೆದಾರರು ಹುಡುಕೋದು ಪದ ಹಾಕಿ, ಇಲ್ಲ ಇಲಾಖೆ, ಜಾಗ, ವರ್ಗ ಆರಿಸಿ. ತುಂಬಾ ಜನ ದುಡ್ಡು ಕಟ್ಟಿ ಖಾಸಗಿ ಟೆಂಡರ್ ಮಾಹಿತಿ ಸೈಟ್‌ಗಳ ಅಲರ್ಟ್ ತಗೊಂಡಿರ್ತಾರೆ, ಅವೂ ಪೋರ್ಟಲ್‌ನಿಂದಲೇ ಎತ್ಕೊಂಡು ಪದದ ಮೇಲೆ ಹಂಚೋದು. ವಿರಾಜಪೇಟೆ ಅನ್ನೋದನ್ನ ಇಂಗ್ಲಿಷಲ್ಲಿ ಒಬ್ರು ಒಂದು 'ಐ' ಹಾಕಿ ಬರೀತಾರೆ, ಇನ್ನೊಬ್ರು ಎರಡು 'ಇ' ಹಾಕ್ತಾರೆ, ಸೋಮವಾರಪೇಟೆ ಪೊನ್ನಂಪೇಟೆಗೂ ಅದೇ ಗತಿ. ಪೋರ್ಟಲ್‌ನ ಪಟ್ಟಿಯಲ್ಲಿ ಊರಿನ ಹೆಸರು ಯಾವ ಸ್ಪೆಲಿಂಗ್‌ನಲ್ಲಿ ಇದ್ಯೋ ಅದನ್ನೇ ಹಾಕಿ, ವಿವರಣೆಯಲ್ಲಿ ಇನ್ನೊಂದು ರೂಪಾನೂ ಸೇರಿಸಿ. ಕೆಲಸದ ಹೆಸರಲ್ಲಿ ರಿಟೈನಿಂಗ್ ವಾಲ್ ಅಂತಾನೂ ತಡೆಗೋಡೆ ಅಂತಾನೂ ಎರಡೂ ಇರ್ಲಿ. ಗ್ರಾಮ, ಪಂಚಾಯ್ತಿ, ತಾಲೂಕು ಮೂರೂ ಬರೀರಿ. ಕುಶಾಲನಗರ ಪೊನ್ನಂಪೇಟೆ ಬೇರೆ ತಾಲೂಕಾದ್ಮೇಲೂ ಹಳೇ ಫೈಲ್ ನೋಡ್ಕೊಂಡು ಸೋಮವಾರಪೇಟೆ, ವಿರಾಜಪೇಟೆ ಅಂತಾನೇ ಟೈಪ್ ಮಾಡೋರಿದ್ದಾರೆ, ಆಗ ಆ ತಾಲೂಕಿನ ಹೆಸರಲ್ಲಿ ಹುಡುಕೋರಿಗೆ ನಿಮ್ಮ ಟೆಂಡರ್ ಕಾಣೋದೇ ಇಲ್ಲ. ವರ್ಗದಲ್ಲೂ ಹಾಗೇ, ಸೇವೆಯನ್ನ ಸರಕು ಅಂತ ಹಾಕಿದ್ರೆ ಮುಗೀತು. ಪ್ರಕಟ ಆದ ಮಾರನೇ ದಿನ ಲಾಗಿನ್ ಇಲ್ಲದೇ, ಹೊರಗಿನವರ ಥರ, ನಿಮ್ಮ ಟೆಂಡರ್‌ನ ನೀವೇ ಹುಡುಕಿ ನೋಡಿ. ನಿಮಗೇ ಸಿಗ್ಲಿಲ್ಲ ಅಂದ್ರೆ ಇನ್ಯಾರಿಗೂ ಸಿಗಲ್ಲ.

ಮೀಸಲಾತಿ ಇರೋ ಕಾಮಗಾರಿಗಳಿಗೆ ಇನ್ನೂ ಒಂದು ಹೆಜ್ಜೆ ಬೇಕು. 2017ರಲ್ಲಿ 50 ಲಕ್ಷದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ 17.15, ಪರಿಶಿಷ್ಟ ಪಂಗಡಕ್ಕೆ ಶೇ 6.95 ಅಂತ ಬಂತು, ಆಮೇಲೆ ಮಿತೀನ 1 ಕೋಟಿಗೆ ಏರಿಸಿದ್ರು. ಈ ಕೆಲಸ ಯಾರಿಗೆ ಮೀಸಲು ಅಂತ ನೋಟಿಸ್‌ನ ಮೊದಲ್ನೇ ಸಾಲಲ್ಲೇ ಬರೀರಿ, ಕೊನೇ ಪುಟದ ಷರತ್ತಲ್ಲಿ ಬೇಡ. ಒಂದು ಪ್ರತಿ ಸಮಾಜ ಕಲ್ಯಾಣ ಇಲಾಖೆ ಬೋರ್ಡ್‌ಗೆ, ಇನ್ನೊಂದು ಗಿರಿಜನ ಅಭಿವೃದ್ಧಿ ನೋಡ್ಕೊಳ್ಳೋ ಐಟಿಡಿಪಿ ಕಚೇರಿಗೆ ಕಳಿಸಿ. ನಮ್ಮಲ್ಲಿ ಹೊಸದಾಗಿ ಲೈಸೆನ್ಸ್ ಮಾಡಿಸಿರೋ ಹುಡುಗ್ರು ಸುಮಾರು ಜನ ಇದ್ದಾರೆ, ಅವರಿಗೆ ಡಿಜಿಟಲ್ ಸಿಗ್ನೇಚರ್ ಮಾಡಿಸೋಕೇ ಒಂದು ವಾರ ಹೋಗತ್ತೆ, ನೋಟಿಸ್ ಕಣ್ಣಿಗೆ ಬಿದ್ದಾಗ ಹತ್ತೇ ದಿನ ಉಳಿದಿದ್ರೆ ಅವರು ಬರೋದು ಹೇಗೆ?

ಕಚೇರಿ ಬೋರ್ಡ್, ಪಂಚಾಯ್ತಿ ಬೋರ್ಡ್, ತಾಲೂಕು ಕಚೇರಿ ಬೋರ್ಡ್, ಇದಕ್ಕೆ ದುಡ್ಡೇ ಬೇಡ, ಆದ್ರೂ ಜನ ಮರೀತಾರೆ. ಮಳೆಗಾಲದಲ್ಲಿ ಗೋಂದು ಬಿಟ್ಕೊಂಡು ಎರಡನೇ ದಿನ ಕೆಳಗೆ ಬಿದ್ದಿರತ್ತೆ, ಪ್ಲಾಸ್ಟಿಕ್ ಕವರ್ ಹಾಕಿ ಪಿನ್ ಹೊಡೀರಿ.

ವಾಟ್ಸಾಪ್ ಗ್ರೂಪ್‌ಗೆ ಹಾಕ್ಬಹುದಾ? ಹಾಕಿ, ನಾನೂ ಹಾಕ್ತಿದ್ದೆ, ಆದ್ರೆ ಪೋರ್ಟಲ್‌ನಲ್ಲಿ ಪ್ರಕಟ ಆದ್ಮೇಲೆ ಮಾತ್ರ, ಒಂದು ನಿಮಿಷ ಮೊದ್ಲೂ ಬೇಡ. ಒಬ್ರಿಗೆ ಕಳಿಸಿ ಇನ್ನೊಬ್ರಿಗೆ ಬಿಟ್ರೆ ಅದೇ ದೊಡ್ಡ ಗಲಾಟೆ ಆಗತ್ತೆ, ಎಲ್ಲರೂ ಇರೋ ಗ್ರೂಪ್‌ಗೆ ಪ್ರಕಟ ಆದ ಪಿಡಿಎಫ್ ಅಷ್ಟೇ ಹಾಕಿ. "ಅಣ್ಣಾ, ಅದರಲ್ಲಿ ಮರಳು ಯಾವ್ದು ಹಾಕ್ಬೇಕು" ಅಂತ ಪರಿಚಯದವರು ಮೆಸೇಜ್ ಮಾಡಿದ್ರೆ ಅಲ್ಲಿ ಉತ್ತರ ಕೊಡ್ಬೇಡಿ, ಪೋರ್ಟಲ್‌ನಲ್ಲಿ ಪ್ರಶ್ನೆ ಹಾಕಿ ಅನ್ನಿ, ಉತ್ತರ ಎಲ್ಲರಿಗೂ ಕಾಣೋ ಜಾಗದಲ್ಲಿ ಹೋಗ್ಲಿ. ಸಣ್ಣ ಜಿಲ್ಲೆ, ಎಲ್ಲರೂ ಎಲ್ಲರಿಗೂ ನೆಂಟರು ಇಲ್ಲ ಪರಿಚಯದವರು, ಅದಕ್ಕೇ ಈ ವಿಷಯದಲ್ಲಿ ಗಟ್ಟಿ ಇರ್ಬೇಕು.

ಹರಾಜನ್ನ ಇದರ ಜೊತೆ ಕಲಸ್ಬೇಡಿ. ಹಸಿಮೀನು ಮಾಂಸ ಮಾರಾಟದ ಹಕ್ಕು, ಸಂತೆ ಸುಂಕ, ಮಳಿಗೆ ಬಾಡಿಗೆ, ಅದರಲ್ಲಿ ದುಡ್ಡು ನಮಗೆ ಬರೋದು, ಟೆಂಡರ್‌ನಲ್ಲಿ ನಾವು ಕೊಡೋದು. ಹರಾಜಿನ ಸುದ್ದಿ ಊರೆಲ್ಲ ತಾನಾಗೇ ಹರಡತ್ತೆ, ಟೆಂಡರ್ ಸುದ್ದಿ ಹಾಗೆ ಹರಡಲ್ಲ, ಅದಕ್ಕೇ ಇಷ್ಟೆಲ್ಲ ಬರೀತಿರೋದು.

ಎಲ್ಲಿ ಅನ್ನೋದರಷ್ಟೇ ಮುಖ್ಯ ಯಾವಾಗ ಅನ್ನೋದು, ಕೊಡಗಲ್ಲಂತೂ ಇನ್ನೂ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣಿನ ಕೆಲಸ ಆಗಲ್ಲ, ಅಂದ್ರೆ ಹಿಂದಕ್ಕೆ ಲೆಕ್ಕ ಹಾಕಿ. ನೋಟಿಸ್‌ಗೆ ಕೊಡ್ಬೇಕಾದ ದಿನಗಳು, ಆಮೇಲೆ ತಾಂತ್ರಿಕ ಬಿಡ್ ಪರಿಶೀಲನೆ, ಆರ್ಥಿಕ ಬಿಡ್, ಅನುಮೋದನೆ, ಕರಾರು, ಎಲ್ಲಾ ಸೇರಿ ಎರಡೂವರೆ ಮೂರು ತಿಂಗ್ಳು ಹೋಗೇ ಹೋಗತ್ತೆ. ಹಾಗಾಗಿ ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬ ಮುಗೀತಿದ್ದ ಹಾಗೆ ನೋಟಿಸ್ ರೆಡಿ ಮಾಡಿ ಹಾಕಿದ್ರೆ ಪುತ್ತರಿ ಹಬ್ಬದ ಹೊತ್ತಿಗೆ, ಅಂದ್ರೆ ನವೆಂಬರ್ ಕೊನೆಗೋ ಡಿಸೆಂಬರ್‌ಗೋ, ಕಾರ್ಯಾದೇಶ ಕೊಡ್ಬಹುದು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಕೂಲಿಯವರು ಸಿಗಲ್ಲ, ಅದು ಗೊತ್ತಿರೋ ಗುತ್ತಿಗೆದಾರ ಆಳು ಮೊದ್ಲೇ ಹೊಂದಿಸ್ಕೊಳ್ಬೇಕು, ಇಲ್ಲ ದರ ಏರಿಸಿ ಹಾಕ್ತಾನೆ. ಫೆಬ್ರವರಿ ಮಾರ್ಚ್‌ನಲ್ಲಿ ಹಾಕಿದ್ರೆ ವರ್ಷದ ಕೊನೆಗೆ ದುಡ್ಡು ಖರ್ಚು ಮಾಡ್ಬೇಕು ಅಂತ ಎಲ್ಲಾ ಇಲಾಖೆಯವರೂ ಹಾಕೋ ರಾಶೀಲಿ ನಿಮ್ಮದು ಮುಳುಗೋಗತ್ತೆ.

ಮಳೆಗಾಲದಲ್ಲೇ ಕರೀಬೇಕಾಗಿ ಬಂದ್ರೆ ಕೊನೇ ದಿನವನ್ನ ಯೋಚ್ನೆ ಮಾಡಿ ಇಡಿ. ಜುಲೈನಲ್ಲಿ ಭಾಗಮಂಡಲ, ನಾಪೋಕ್ಲು ಕಡೆ ಕರೆಂಟ್ ಹೋದ್ರೆ ಎರಡು ಮೂರು ದಿನ ಬರದೇ ಇರೋದೂ ಉಂಟು, ಟವರ್ ಬ್ಯಾಟರಿ ಮುಗಿದ್ರೆ ನೆಟ್‌ವರ್ಕೂ ಇಲ್ಲ, ಬಿಡ್ ಅಪ್‌ಲೋಡ್ ಮಾಡೋಕೆ ಮಡಿಕೇರಿಗೋ ಕುಶಾಲನಗರಕ್ಕೋ ಇಳೀಬೇಕು, ಮರ ಬಿದ್ದು ರಸ್ತೆ ಬಂದ್ ಆಗಿದ್ರೆ ಅದೂ ಇಲ್ಲ. ಸೋಮವಾರ ಬೆಳಗ್ಗೆ 11 ಗಂಟೆ ಅಂತ ಇಡ್ಬೇಡಿ, ಬುಧವಾರವೋ ಗುರುವಾರವೋ ಸಂಜೆ 4 ಗಂಟೆಗೆ ಇಡಿ. ತುಲಾ ಸಂಕ್ರಮಣದ ದಿನ, ಪುತ್ತರಿ ದಿನ ಬೇಡ. ನಿಜವಾಗ್ಲೂ ತುರ್ತು ಇದ್ದು ಸರ್ಕಾರ ವಿಪತ್ತು ಅಂತ ಘೋಷಣೆ ಮಾಡಿದ್ರೆ ಕೆಟಿಪಿಪಿ ಕಾಯ್ದೆಯ 4ನೇ ಸೆಕ್ಷನ್‌ನಲ್ಲೇ ಅದಕ್ಕೆ ದಾರಿ ಇದೆ, ಆದ್ರೆ ಘೋಷಣೆ ಇರ್ಬೇಕು, ನಮಗೆ ತುರ್ತು ಅನ್ನಿಸಿದ್ರೆ ಸಾಲದು.

ತಿದ್ದುಪಡಿ ಬಂದ್ರೆ, ಮೊತ್ತನೋ ದಿನಾಂಕನೋ ಷರತ್ತೋ ಏನೇ ಬದಲಾದ್ರೂ, ಮೊದ್ಲು ಎಲ್ಲೆಲ್ಲಿ ಹಾಕಿದ್ರೋ ಅಲ್ಲೆಲ್ಲಾ ಮತ್ತೆ ಹಾಕಿ. ಪೇಪರ್‌ನಲ್ಲಿ ಹಳೇ ದಿನಾಂಕ, ಪೋರ್ಟಲ್‌ನಲ್ಲಿ ಹೊಸ ದಿನಾಂಕ, ಬೋರ್ಡ್‌ನಲ್ಲಿ ಮೂರನೇದು, ಇದನ್ನ ನಾನು ಕಣ್ಣಾರೆ ನೋಡಿದ್ದೀನಿ. ಷರತ್ತು ದೊಡ್ಡದಾಗಿ ಬದಲಾದ್ರೆ ಕೊನೇ ದಿನಾನೂ ಮುಂದಕ್ಕೆ ಹಾಕಿ, ಹೊಸದಾಗಿ ಲೆಕ್ಕ ಹಾಕೋಕೆ ಅವರಿಗೂ ಟೈಮ್ ಬೇಕಲ್ವಾ.

ಸಾಕ್ಷಿ ಅವತ್ತವತ್ತೇ ಫೈಲ್‌ಗೆ ಹಾಕಿ. ಪೇಪರ್‌ನ ಬರೀ ಜಾಹೀರಾತು ಕತ್ತರಿಸಬೇಡಿ, ದಿನಾಂಕ ಎಡಿಷನ್ ಕಾಣೋ ಹಾಗೆ ಪೂರ್ತಿ ಪುಟ ಇಡಿ. ಪೋರ್ಟಲ್‌ನ ಪ್ರಿಂಟ್, ಬುಲೆಟಿನ್ ಪ್ರತಿ, ಬೋರ್ಡ್‌ನ ಫೋಟೋ. ಟೆಂಡರ್ ಯಾರಿಗಾಯ್ತು, ಉಳಿದವರದ್ದು ಯಾಕೆ ತಿರಸ್ಕಾರ ಆಯ್ತು ಅನ್ನೋದನ್ನೂ ಬುಲೆಟಿನ್ ಅಧಿಕಾರಿಗೆ ಕಳಿಸ್ಬೇಕು, ಕೆಲಸ ಶುರುವಾದ ಗಡಿಬಿಡೀಲಿ ಇದನ್ನ ಬಿಟ್ಟುಬಿಡ್ತಾರೆ, ಸೋತವರು ಮೇಲ್ಮನವಿ ಹಾಕ್ಬೇಕು ಅಂದ್ರೆ ಅವರಿಗೆ ಕಾರಣ ಗೊತ್ತಿರ್ಬೇಕು.

ಕೊನೇದಾಗಿ ನಾನು ಮಾಡ್ತಿದ್ದ ಒಂದು ಕೆಲಸ, ಯಾವ ನಿಯಮದಲ್ಲೂ ಇಲ್ಲ. ಟೆಂಡರ್ ರಿಜಿಸ್ಟರ್‌ನ ಕೊನೇಲಿ ಕೈಯಲ್ಲೇ ಗೆರೆ ಎಳೆದು ಒಂದು ಕಾಲಂ ಮಾಡಿದ್ದೆ, "ನೋಟಿಸ್ ಎಲ್ಲಿ ನೋಡಿದ್ರಿ" ಅಂತ. ಟೆಂಡರ್ ಎಲ್ಲಾ ಮುಗಿದ್ಮೇಲೆ ಬಿಡ್ ಹಾಕಿದ ಪ್ರತಿಯೊಬ್ರಿಗೂ, ಗೆದ್ದವರಿಗೂ ಸೋತವರಿಗೂ, ಕೇಳಿ ಬರ್ಕೊಳ್ತಿದ್ದೆ. ಒಂದು ವರ್ಷ ಆದ್ಮೇಲೆ ತೆಗೆದು ನೋಡಿದಾಗ ಕಸ ಸಾಗಣೆ ವಾಹನದ ನೋಟಿಸ್‌ಗೆ ಬಂದ ನಾಲ್ವರಲ್ಲಿ ಮೂವರು ಸ್ಥಳೀಯ ಪೇಪರ್ ಅಂದಿದ್ರು, ರಸ್ತೆ ಕೆಲಸದವರು ಬಹುತೇಕ ಎಲ್ಲರೂ ಪೋರ್ಟಲ್ ಅಂದಿದ್ರು, ದುಬಾರಿ ಇಂಗ್ಲಿಷ್ ಪತ್ರಿಕೆ ಅಂದವರು ಒಬ್ರೂ ಇರಲಿಲ್ಲ. ಮುಂದಿನ ವರ್ಷ ಆ ಇಂಗ್ಲಿಷ್ ಜಾಹೀರಾತನ್ನ ಹೊರಗಿನವರೇ ಬೇಕಾದ ಕೆಲಸಗಳಿಗೆ ಮಾತ್ರ ಇಟ್ಕೊಂಡು, ಉಳಿದ ದುಡ್ಡಲ್ಲಿ ಸ್ಥಳೀಯ ಪತ್ರಿಕೆಗೆ ಎರಡು ಸಲ ಕೊಟ್ವಿ. ಅದೇ ವರ್ಷ ಇನ್ನೊಂದು ತಡೆಗೋಡೆ ಟೆಂಡರ್ ಅಕ್ಟೋಬರ್‌ನಲ್ಲಿ ಕರೆದಾಗ ಐದು ಬಿಡ್ ಬಂತು, ಏಪ್ರಿಲ್‌ನಲ್ಲಿ ಗೋಡೆ ಎದ್ದು ನಿಂತಿತ್ತು.